ಟ್ರಿಗ್ಗರ್ ಹಾಕಿದರೆ ಕಾಲು ತಾನಾಗಿ ಓಡೋದಿಲ್ಲ

ಸಂಪಾದಕರೇ, ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಡ್ರಮ್ಮರ್‌ಗಳ ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಅದರ ಉಗ್ರ ಬಗೆಯಾದ ‘ಡೆತ್ ಮೆಟಲ್’ ಹೆಸರು ಅಚ್ಚಾಗಿದ್ದು ನೋಡಿಯೇ ಖುಷಿಯಾಯಿತು. ಆದರೆ ಈಗಿನವರ ವೇಗವೆಲ್ಲ ಟ್ರಿಗ್ಗರ್ ಅನ್ನೋ ಮಷೀನಿನದು ಅನ್ನೋ ಲೇಖಕರ ಮಾತು ಗಂಟಲಿಗೆ ಸಿಕ್ಕಿಕೊಂಡಿತು. ಡೊಂಬಿವಲಿಯ ವನ್ ರೂಮ್ ಕಿಚನ್ ಮನೆಯಲ್ಲಿ ರಬ್ಬರ್ ಪ್ಯಾಡ್ ಮೇಲೆ ಕಾಲು ಕುಟ್ಟಿ ಡ್ರಮ್ಸ್ ಕಲಿತವನು ನಾನು. ರಾತ್ರಿ ಹೊತ್ತು ಮಸಾಲೆ ಕುಟ್ಟುತ್ತೀರಾ ಅಂತ ಕೆಳಗಿನ ಮನೆಯವರು ಎಷ್ಟು ಸಲ ಕೇಳಿದ್ದಾರೋ.

ಟ್ರಿಗ್ಗರ್ ಅಂದರೆ ಕಾಲಿನ ಪೆಡಲಿನಿಂದ ಬಾರಿಸುವ ಬಾಸ್ ಡ್ರಮ್ಮಿನ ಅಂಚಿಗೆ ಸಿಕ್ಕಿಸುವ ಪುಟ್ಟ ಸೆನ್ಸರ್. ಪೆಟ್ಟು ಬಿದ್ದ ಕೂಡಲೇ ಮಾಡ್ಯೂಲ್ ಅನ್ನೋ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಸಿಗ್ನಲ್ ಹೋಗುತ್ತದೆ, ಅದು ತನ್ನಲ್ಲಿಟ್ಟುಕೊಂಡ ಸದ್ದನ್ನು ಬಿಡುತ್ತದೆ. ಅಷ್ಟೇ. 250 ಬಿಪಿಎಂನಲ್ಲಿ (ನಿಮಿಷಕ್ಕೆ 250 ಬೀಟು) ಒಂದು ಬೀಟಿಗೆ 4 ಪೆಟ್ಟು ಅಂದರೆ ಸೆಕೆಂಡಿಗೆ 16ಕ್ಕಿಂತ ಜಾಸ್ತಿ. ಬರೀ ಮೈಕ್ ನಂಬಿಕೊಂಡರೆ ಒಂದು ಪೆಟ್ಟಿನ ಗುಂಯ್‌ಗುಡುವಿಕೆ ಅಡಗುವ ಮೊದಲೇ ಇನ್ನೊಂದು ಬಂದು ಎಲ್ಲಾ ಸೇರಿ ಗಂಜಿಯಾಗಿಬಿಡುತ್ತದೆ. ಮೆತ್ತಗೆ ಬಿದ್ದ ಪೆಟ್ಟನ್ನೂ ಟ್ರಿಗ್ಗರ್ ಗಟ್ಟಿ ಮಾಡಿ ಕೇಳಿಸುತ್ತದೆ, ಅಷ್ಟರಮಟ್ಟಿಗೆ ನಿಮ್ಮ ಲೇಖಕರ ಮಾತು ಸರಿ. ಆದರೆ ತಾಳ ತಪ್ಪಿದ ಪೆಟ್ಟೂ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ, ಅಲ್ವಾ?

ಇನ್ನು ಲೇಖಕರು ಎಲ್ಲರನ್ನೂ ಬಿಪಿಎಂ ತಕ್ಕಡಿಯಲ್ಲಿ ತೂಗಿದ್ದರ ವಿಷಯ. 2012ರಲ್ಲಿ ಅಮೆರಿಕದ ಸ್ಲೇಯರ್ ಬ್ಯಾಂಡ್ ಬೆಂಗಳೂರಿಗೆ ಬಂದಾಗ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಈಗಿನವರ ಲೆಕ್ಕದಲ್ಲಿ ಅಂದು ಅದರ ಡ್ರಮ್ಮರ್ ಆಗಿದ್ದ ಡೇವ್ ಲೊಂಬಾರ್ಡೊ ಅವರ ವೇಗ ದೊಡ್ಡದೇನಲ್ಲ. ಆದರೆ ಅವರ ಬಡಿತ ಹಾಡನ್ನು ಕುತ್ತಿಗೆ ಹಿಡಿದು ಮುಂದಕ್ಕೆ ನೂಕುತ್ತದೆ. ನೈಲ್ ಬ್ಯಾಂಡಿನ ಜಾರ್ಜ್ ಕೊಲಿಯಾಸ್ ಅವರದು ಬೇರೆಯೇ ದಾರಿ. ತೊಡೆಗೆ ಕೆಲಸ ಕಮ್ಮಿ, ಎಲ್ಲಾ ಕಣಕಾಲಿನದು. ಇಂಥ ಆಟಕ್ಕೆ ಡೈರೆಕ್ಟ್ ಡ್ರೈವ್ ಪೆಡಲ್ ಚೆನ್ನಾಗಿ ಒಗ್ಗುತ್ತದೆ, ಚೈನಿನ ಬದಲು ಗಟ್ಟಿ ಕೊಂಡಿ ಇರೋದರಿಂದ ಪಾದದ ಸಣ್ಣ ಅಲುಗಾಟವೂ ನೇರ ಡ್ರಮ್ಮಿಗೆ ಬಡಿಯುವ ಬೀಟರ್‌ಗೆ ಮುಟ್ಟುತ್ತದೆ. ಆಸೆಪಟ್ಟು ನಾನೂ ಅಂಥದ್ದೇ ತಗೊಂಡೆ. ಆರು ತಿಂಗಳಲ್ಲಿ 10 ಬಿಪಿಎಂ ಕೂಡ ಏರಲಿಲ್ಲ, ಹಳೇ ಚೈನ್ ಪೆಡಲಿಗೇ ವಾಪಸ್ ಬಂದೆ. ಅಂದಹಾಗೆ, ನಮ್ಮ ಮುಂಬೈಯ ಮೆಟಲ್ ಸಂಗೀತಗಾರ ಡೆಮನ್‌ಸ್ಟೀಲರ್, ಅಂದರೆ ಸಾಹಿಲ್ ಮಖೀಜಾ, 2016ರಲ್ಲಿ ತಂದ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದ್ದು ಇದೇ ಕೊಲಿಯಾಸ್. ಮುಂಬೈ ಆವೃತ್ತಿಯಲ್ಲಾದರೂ ಅದಕ್ಕೆ ಒಂದು ಸಾಲು ಸಿಗಬೇಕಿತ್ತು.

ಸ್ವೀಡನ್ನಿನ ಮೆಶುಗಾ ಬ್ಯಾಂಡಿನ ಡ್ರಮ್ಮರ್ ಥಾಮಸ್ ಹಾಕೆ ಅವರನ್ನಂತೂ ಈ ತಕ್ಕಡಿಗೆ ಹಾಕಲೇಬಾರದು. ಕೈ ಸಿಂಬಲ್ (ಲೋಹದ ತಟ್ಟೆ) ಮೇಲೆ ನಾಲ್ಕರ ಎಣಿಕೆ ಹಿಡಿದಿರುತ್ತದೆ, ಕಾಲು ಬೇರೆಯೇ ಲೆಕ್ಕದಲ್ಲಿ ಸುತ್ತುತ್ತಿರುತ್ತದೆ, ಎಷ್ಟೋ ಸುತ್ತಾದ ಮೇಲೆ ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ನಮ್ಮ ಮಾವ ಇಲ್ಲಿ ಯಕ್ಷಗಾನಕ್ಕೆ ಚೆಂಡೆ ಬಾರಿಸುವವರು, ಮೆಟಲ್ ಅಂದರೆ ಮೂಗು ಮುರಿಯುವವರು. ಒಂದು ದಿನ ಸುಮ್ನೆ ಅವರಿಗೆ ಮೆಶುಗಾದ ಹಾಡೊಂದನ್ನು ಕೇಳಿಸಿದೆ. ತೊಡೆ ಮೇಲೆ ತಾಳ ಹಾಕುತ್ತಾ ಕೂತರು. ಎರಡು ಸಲ ತಪ್ಪಿದರು. “ಆ ಹಾಡುವವನ ಬಾಯಿ ಮುಚ್ಚಿಸಿ ಇನ್ನೊಂದು ಸಲ ಹಾಕು ಮಾರಾಯ” ಅಂದರು.

ಕೊನೆಗೆ ಒಂದು ತಕರಾರು. ಇಷ್ಟುದ್ದದ ಬರಹದಲ್ಲಿ ಡ್ರಮ್ಮರ್ ಜೀನ್ ಹೊಗ್ಲನ್ ಹೆಸರೇ ಇಲ್ಲ. ‘ಅಟಾಮಿಕ್ ಕ್ಲಾಕ್’ ಅಂತಲೇ ಅಡ್ಡಹೆಸರು ಪಡೆದ ಮನುಷ್ಯ. ‘ಡೆತ್’ ಅನ್ನೋ ಬ್ಯಾಂಡಿನ 1993 ಮತ್ತು 1995ರ ಆಲ್ಬಮ್‌ಗಳಲ್ಲಿ ಅವರ ಸಿಂಬಲ್ ಕೆಲಸವನ್ನು ಲೇಖಕರು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಲಿ.

– ಡೊಂಬಿವಲಿಯ ಒಬ್ಬ ಓದುಗ