ಬಿಲ್ಲಿಗೆ ಸಹಿ ಹಾಕುವ ಮುನ್ನ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರಿ ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳಲ್ಲಿ ಕಸ ಹೊಡೆದು ನೆಲ ಒರೆಸುವ ಹೆಣ್ಣುಮಕ್ಕಳು ಬಹಳ ಕಡೆ ಹೊರಗುತ್ತಿಗೆಯವರು. ಟೆಂಡರ್ ಮುಗಿದರೆ ಏಜೆನ್ಸಿ ಬದಲಾಗುತ್ತದೆ. ವಾರ್ಡು, ಬಕೆಟ್ಟು, ದುಡಿಯುವ ಕೈ ಅವೇ. ಕಾಯಂ ಮಾಡುವ ಮಾತು ಬೆಂಗಳೂರಿನದು, ಅದನ್ನಿಲ್ಲಿ ಎತ್ತುವುದಿಲ್ಲ. ಏಜೆನ್ಸಿಯ ಬಿಲ್ಲಿನ ಜೊತೆ ಬರುವ ಪಿಎಫ್ ಕಾಗದವನ್ನು ಯಾರಾದರೂ ಓದುವಂತೆ ಮಾಡಿ, ಅಷ್ಟೇ.

ಬಿಲ್ಲಿಗೆ ಬರೀ ಚಲನ್, ಅಂದರೆ ಹಣ ಕಟ್ಟಿದ ಚೀಟಿ, ಲಗತ್ತಿಸಿದರೆ ಅದರಲ್ಲಿ ಒಟ್ಟು ಮೊತ್ತವಿರುತ್ತದೆ, ಯಾರ ಹೆಸರೂ ಇರುವುದಿಲ್ಲ. ಬೇರೆ ಊರಿನ ಕೆಲಸಗಾರರ ಹಣವೂ ಅದಾಗಿರಬಹುದು. ಹೆಸರಿರುವುದು ಏಜೆನ್ಸಿ ತಿಂಗಳು ತಿಂಗಳು ಪಿಎಫ್ ಇಲಾಖೆಗೆ ಸಲ್ಲಿಸುವ ಇಸಿಆರ್ ಪಟ್ಟಿಯಲ್ಲಿ: ಒಬ್ಬೊಬ್ಬರ ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್), ವೇತನ, ಕಟ್ಟಿದ ಹಣ, ಮತ್ತು 'ಎನ್‌ಸಿಪಿ ಡೇಸ್' ಎಂಬ ಕಾಲಂ, ಅಂದರೆ ವೇತನವಿಲ್ಲದ ದಿನಗಳು. ಕೈಚಳಕ ಇಲ್ಲೇ. ಹಾಜರಿ ಪುಸ್ತಕದಲ್ಲಿ 26 ಸಹಿ ಇದ್ದವಳಿಗೆ ಇಲ್ಲಿ 11 ದಿನ ಗೈರು ತೋರಿಸಿದರೆ ಅಷ್ಟು ದಿನದ ಪಿಎಫ್ ಏಜೆನ್ಸಿಗೆ ಉಳಿಯಿತು. 12,000 ರೂಪಾಯಿ ವೇತನಕ್ಕೆ ಅವಳ ಪಾಲು ಶೇ 12, ಅಂದರೆ 1,440, ಏಜೆನ್ಸಿಯದೂ ಅಷ್ಟೇ. ಎರಡನ್ನೂ ಅವಳ ಪಗಾರದಲ್ಲೇ ಮುರಿದುಕೊಳ್ಳುವವರೂ ಇದ್ದಾರೆ. ಪಟ್ಟಿ, ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಬ್ಬ ಗುಮಾಸ್ತರಿಗೆ ಅರ್ಧ ದಿನ ಸಾಕು.

ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ನಂಬರ್ ಜೀವನಪೂರ್ತಿ ಒಂದೇ ಇರಬೇಕು. ಆದರೆ ಆಧಾರ್‌ನಲ್ಲಿ 'ಮಲ್ಲಮ್ಮ', ಹಳೆ ಕಾರ್ಡಿನಲ್ಲಿ 'ಮಲ್ಲವ್ವ' ಎಂದಿದ್ದರೆ, ಹೆಸರು ತಿದ್ದಿಸುವ ಗೋಜು ಬೇಡವೆಂದು ಏಜೆನ್ಸಿಯವರು ಹೊಸ ನಂಬರ್ ಮಾಡಿಸಿಬಿಡುತ್ತಾರೆ. ಹಳೆಯ ವಂತಿಗೆ ಲೆಕ್ಕಕ್ಕೆ ಸೇರದೆ ಹೆರಿಗೆ ಭತ್ಯೆಗೆ ಬೇಕಾದ 70 ದಿನದ ವಂತಿಗೆ ತುಂಬುವುದಿಲ್ಲ.

ಆಸ್ಪತ್ರೆಯಲ್ಲಿ ಕಸ ಹೊಡೆಯುವವರಿಗೆ ಇನ್ನೊಂದು ತಾಪತ್ರಯ. ಸೂಜಿ ಹಾಕಬಾರದ ಹಳದಿ ತ್ಯಾಜ್ಯ ಚೀಲಕ್ಕೆ ಯಾರೋ ಸೂಜಿ ಎಸೆದಿದ್ದರೆ ಗಂಟು ಕಟ್ಟುವಾಗ ಅಂಗೈಗೆ ಚುಚ್ಚುತ್ತದೆ. ತೆಳು ಗ್ಲೌಸ್ ತಡೆಯದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಇವರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಲೇಬೇಕು. ಮೊದಲ ಡೋಸ್ ಆದ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಡುವೆ ಏಜೆನ್ಸಿ ಬದಲಾದರೆ ಮೂರನೆಯದನ್ನು ನೆನಪಿಡುವವರಿಲ್ಲ. ಆ ದಾಖಲೆ ಆಸ್ಪತ್ರೆಯಲ್ಲೇ ಇರಲಿ.

ಬಿಲ್ ತಡೆದರೆ ಪಗಾರ ನಿಲ್ಲುತ್ತದೆ ಎಂದು ಏಜೆನ್ಸಿಯವರು ಹೆದರಿಸುತ್ತಾರೆ. ಪಗಾರ ಮರುತಿಂಗಳ 7ರೊಳಗೆ ಕೊಡಬೇಕು, ಬಿಲ್ ಪಾಸಾಗಲಿ ಬಿಡಲಿ. ಗುತ್ತಿಗೆದಾರ ಕೊಡದಿದ್ದರೆ ಇಲಾಖೆಯೇ ಕೊಟ್ಟು ಅವನಿಂದ ವಸೂಲು ಮಾಡಬೇಕೆಂದು ಕಾನೂನೇ ಹೇಳುತ್ತದೆ.

ಹೆಸರು, ದಿನ, ಕಟ್ಟಿದ ಹಣ, ಈ ಮೂರೇ ಕಾಲಂನ ಹಾಳೆಯೊಂದನ್ನು ಪ್ರತಿ ತಿಂಗಳು 20ರೊಳಗೆ ಹಾಜರಿ ಪುಸ್ತಕದ ಕೋಣೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಲು ಆದೇಶಿಸಿ.

ಇಂತಿ,
ಸ್ವಚ್ಛತಾ ಕೆಲಸಗಾರರ ಪಿಎಫ್, ಇಎಸ್‌ಐ ಅರ್ಜಿ ಬರೆದುಕೊಡುವವರು
ಕಲಬುರಗಿ