ಗೂಬೆ ಕಂಪ್ಯೂಟರಿಗೆ ನೇಲ್ ಪಾಲಿಶ್ ರಿಮೂವರ್ ಬೇಡ

ಮಾನ್ಯ ಸಂಪಾದಕರೆ,

ಹಳದಿಗಟ್ಟಿದ ಕಂಪ್ಯೂಟರ್, ಕೀಬೋರ್ಡುಗಳನ್ನು ನೇಲ್ ಪಾಲಿಶ್ ರಿಮೂವರಿನಲ್ಲಿ ಒರೆಸಿದರೆ ಫಳಫಳ ಹೊಳೆಯುತ್ತವೆ ಎಂದು ಕಳೆದ ಭಾನುವಾರದ ಪುರವಣಿಯಲ್ಲಿ ಬರೆದಿದ್ದೀರಿ. ದಯವಿಟ್ಟು ತಿದ್ದುಪಡಿ ಹಾಕಿ. ಎಷ್ಟೋ ರಿಮೂವರುಗಳಲ್ಲಿ ಇರುವುದು ಅಸಿಟೋನ್. ಹಳೆ ಕಂಪ್ಯೂಟರಿನ ಎಬಿಎಸ್ ಪ್ಲಾಸ್ಟಿಕ್ಕು ಅದಕ್ಕೆ ಬೆಲ್ಲದ ಹಾಗೆ ಕರಗುತ್ತದೆ. ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ಮಗಳ ಶೀಶೆಯಿಂದ ನಾಲ್ಕು ಹನಿ ಹತ್ತಿಗೆ ಹಾಕಿ ಉಜ್ಜಿದ್ದೆ. ನನ್ನ ಹಳೆ ಕಂಪ್ಯೂಟರಿನ ಡಬ್ಬಿಯ ಬಲಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗೆರೆಗಳು ಮೂಡಿ, ಹತ್ತಿಯ ಎಳೆ ಅಂಟಿಕೊಂಡು ಹಾಗೇ ಗಟ್ಟಿಯಾಗಿದೆ.

ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ತಂದು, ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡಿಸಿತಲ್ಲ, ಆಗ ನಾನಿದ್ದ ಶಾಲೆಗೂ ಬಂದವು. ಮೆಮೊರಿ 32 ಕೆಬಿ. ಈಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊ ಕೂಡ ಹಿಡಿಸದು. ಕೆನೆಬಣ್ಣದ ಡಬ್ಬಿ, ಕಪ್ಪು ಕೀಲಿಗಳು, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿ, ಚುಕ್ಕಿಗಳಲ್ಲೇ ಬಿಡಿಸಿದ ಒಂದು ಗೂಬೆ. ಹುಡುಗರ ಬಾಯಲ್ಲಿ ಅದು ‘ಗೂಬೆ ಕಂಪ್ಯೂಟರ್’. ಆಯುಧಪೂಜೆಯ ದಿನ ಗೂಬೆಗೆ ಕುಂಕುಮ ಹಚ್ಚುವುದೋ ಬೇಡವೋ ಎಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ. ಕೊನೆಗೆ ಹೆಡ್‌ಮಾಸ್ಟರು ಅದರ ಮೇಲೆ ಸೇವಂತಿಗೆ ಇಟ್ಟು ಮುಚ್ಚಿಸಿದರು. ಮುಂದೆ ಅವೆಲ್ಲ ಹರಾಜಿಗೆ ಬಂದಾಗ ಒಂದನ್ನು ನೂರೈವತ್ತು ರೂಪಾಯಿಗೆ ಮನೆಗೆ ತಂದೆ.

ಕಿಟಕಿ ಪಕ್ಕ ಇಟ್ಟದ್ದೇ ತಪ್ಪಾಯಿತು. ಮೇಲ್ಭಾಗ ಹಳೇ ತುಪ್ಪದ ಬಣ್ಣಕ್ಕೆ ತಿರುಗಿತು. ತಿರುಗಿಸಿ ನೋಡಿದರೆ ತಳ ಮಾತ್ರ ಇನ್ನೂ ಕೆನೆ. ಇದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಎಬಿಎಸ್‌ನಲ್ಲಿ ಬ್ಯುಟಡೈಯೀನ್ ಎಂಬ ರಬ್ಬರಿನಂಥ ಅಂಶವಿದೆ. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಸೇರಿ ಅದನ್ನು ಕೆಡಿಸುತ್ತವೆ. ಬೆಂಕಿ ಹತ್ತದಿರಲೆಂದು ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳ ಮೇಲೂ ಬಹುಕಾಲದಿಂದ ದೂರಿದೆ. ಸಮಾಧಾನವೆಂದರೆ, ಬಣ್ಣ ಕೆಡುವುದು ಮೇಲ್ಪದರದಲ್ಲಷ್ಟೆ.

ಇದಕ್ಕೆ ಮದ್ದು ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಬಿಸಿಲು. 2007-08ರ ಸುಮಾರಿಗೆ ಹಳೆ ಕಂಪ್ಯೂಟರಿನ ಹುಚ್ಚು ಹತ್ತಿದವರು ಇದನ್ನು ಕಂಡುಕೊಂಡು ‘ರೆಟ್ರೊಬ್ರೈಟ್’ ಎಂದು ಹೆಸರಿಟ್ಟರು. ಗುಟ್ಟು ಮಾಡದೆ ಎಲ್ಲರಿಗೂ ಬಿಟ್ಟುಕೊಟ್ಟರು.

ನಾನು ಮೊದಲ ಸಲ ಬ್ಯೂಟಿ ಪಾರ್ಲರಿನಲ್ಲಿ ಕೂದಲ ಬಣ್ಣಕ್ಕೆ ಬೆರೆಸುವ ಡೆವಲಪರ್ ಕ್ರೀಮ್ ತಂದೆ, 40 ವಾಲ್ಯೂಮಿನದು, ಅಂದರೆ ಶೇ 12 ಪೆರಾಕ್ಸೈಡ್. ಡಬ್ಬಿಗೆ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ತಾರಸಿಯಲ್ಲಿಟ್ಟೆ. ಸಂಜೆ ಬಿಚ್ಚಿದರೆ ಹಾಳೆ ಸುಕ್ಕಾದಲ್ಲೆಲ್ಲ ಬಿಳಿ ಪಟ್ಟೆ. ‘ಏನ್ರೀ, ಜೀಬ್ರಾ ಸಾಕೋಕೆ ತಂದ್ರಾ?’ ಎಂದಳು ನನ್ನಾಕೆ. ತಪ್ಪು ನನ್ನದು, ಮದ್ದಿನ ಮೇಲೆ ಗೂಬೆ ಕೂರಿಸಲಾರೆ.

ಎರಡನೇ ಸಲ ಅಗಲವಾದ ಟಬ್ಬಿನಲ್ಲಿ ಶೇ 6ರ ಪೆರಾಕ್ಸೈಡ್ ದ್ರವ ಸುರಿದು ಡಬ್ಬಿಯ ಮೇಲಿನ ಮುಚ್ಚಳವನ್ನಷ್ಟೇ ಪೂರ್ತಿ ಮುಳುಗಿಸಿದೆ. ಅಡಿಯಲ್ಲೂ ಹಿಂದೆಯೂ ‘ಫಿಕ್ಸ್’ ಎಂದು ಬರೆದಿರುವ ನಾಲ್ಕು ಸ್ಕ್ರೂ ತೆಗೆದರೆ ಮೇಲಿನ ಮುಚ್ಚಳ ಬರುತ್ತದೆ. ಒಳಗಿನದ್ದು, ಲೋಹದ್ದು, ಗೂಬೆಯ ಪಟ್ಟಿ, ಎಲ್ಲವನ್ನೂ ಬೇರೆ ಎತ್ತಿಟ್ಟೆ; ಪಟ್ಟಿಯ ಅಚ್ಚು ಮಾಸಿದರೆ ಅದಕ್ಕೆ ಮದ್ದಿಲ್ಲ. ಗುಳ್ಳೆ ಕಟ್ಟಿಕೊಂಡು ಮುಚ್ಚಳ ಮೇಲೇಳುತ್ತದೆ. ಉಪ್ಪಿನಕಾಯಿಯ ಗಾಜಿನ ಭರಣಿಗೆ ನೀರು ತುಂಬಿ ಹೇರಿದೆ, ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ ಗುಳ್ಳೆ ಸವರಿದೆ. ಏಪ್ರಿಲ್ಲಿನ ದುರ್ಗದ ಬಿಸಿಲು, ಕೇಳಬೇಕೆ! ಎರಡನೇ ದಿನ ಮಧ್ಯಾಹ್ನ ತಳದ ಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ ಕೆನೆ.

ಕೈಗವಸು ಹಾಕದೆ ಒಮ್ಮೆ ಅದ್ದಿದ್ದಕ್ಕೆ ಬೆರಳ ತುದಿ ಸುಣ್ಣದಂತೆ ಬೆಳ್ಳಗಾಗಿ, ಮೆಣಸಿನಕಾಯಿ ಹೆಚ್ಚಿದ ಹಾಗೆ ಉರಿಯಿತು. ಕಣ್ಣಿಗೆ ಕನ್ನಡಕ ಇರಲಿ. ಉಳಿದ ದ್ರವವನ್ನು ಶೀಶೆಗೆ ಬಿಗಿಯಾಗಿ ಮುಚ್ಚಿಡಬೇಡಿ. ಆಮ್ಲಜನಕ ಬಿಡುತ್ತಲೇ ಇರುತ್ತದೆ, ಶೀಶೆ ಉಬ್ಬುತ್ತದೆ. ಬೆಳ್ಳಗಾದ ಖುಷಿಯಲ್ಲಿ ಪ್ಲಗ್ ಚುಚ್ಚಲೂಬೇಡಿ. ಇದರ ಪವರ್ ಸಪ್ಲೈನಲ್ಲಿರುವ ಹಳೆ ಕೆಪಾಸಿಟರ್ ಎಂಬ ಬಿಡಿಭಾಗ ಸೀಳಿ ಹೊಗೆಯಾಡುವುದು ಪ್ರಸಿದ್ಧ. ಮೊದಲು ಅದನ್ನು ಬದಲಿಸಿ.

ಇದು ಶಾಶ್ವತವೂ ಅಲ್ಲ. ಮೂರು ವರ್ಷಕ್ಕೆ ನನ್ನದರ ಎಡಬದಿ ಮತ್ತೆ ನಸುಹಳದಿಗೆ ಬಂದಿದೆ. ಈಗ ಕಿಟಕಿಯಿಂದ ದೂರ, ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಬಣ್ಣ ಬಂದರೂ ಹೆಬ್ಬೆರಳ ಗುರುತು ಹೋಗಿಲ್ಲ. ಕೆನೆಯ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ.

ತಿದ್ದುಪಡಿಯನ್ನು ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ ಹಾಕಿ. ಒಳಪುಟದ ಮೂಲೆಯಲ್ಲಿ ಹಾಕಿದರೆ, ರಿಮೂವರ್ ಹಿಡಿದು ಕೂತವರ ಕಣ್ಣಿಗೆ ಅದು ಬೀಳುವುದಿಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿತ್ರದುರ್ಗ