ಅತ್ತಿಗೆ ಕೊಟ್ಟ ಅರ್ಧ ಲೋಟ ನೀರು

ನಾನು ಕುಡಿತ ಬಿಟ್ಟು ಮೊನ್ನೆಗೆ ಒಂದು ವರ್ಷವಾಯಿತು. ಹೇಳಿಕೊಳ್ಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಬಿಟ್ಟದ್ದನ್ನು ಯಾಕೆ ಮುಚ್ಚಿಡಲಿ ಅನ್ನಿಸಿತು. ಆಸ್ಪತ್ರೆಯಲ್ಲಿ ಕಳೆದ ದಿನಗಳ ಕಥೆಯನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ನನ್ನ ಕೆಲಸ ಉಳಿಸಿಕೊಟ್ಟವರು, ಕೊಟ್ಟ ಸಾಲದ ಮಾತೇ ಎತ್ತದ ಗೆಳೆಯರು, ನನ್ನ ಸಿಡುಕನ್ನೆಲ್ಲ ಸಹಿಸಿಕೊಂಡ ನರ್ಸ್‌ಗಳು, ವಾರವಾರವೂ ಕೂತು ಮಾತಾಡಿಸಿದ ಕೌನ್ಸೆಲರ್, ನಿಮಗೆಲ್ಲ ಮನಸಾರೆ ಧನ್ಯವಾದ. ಆದರೆ ಈ ಬರಹ ಜಾಸ್ತಿ ನನ್ನ ಅತ್ತಿಗೆಯ ಬಗ್ಗೆ.

ಬಿಡಬೇಕು ಅಂತ ನಾನೇ ತೀರ್ಮಾನ ಮಾಡಿ, ಯಾರಿಗೂ ಹೇಳದೆ ಒಂದೇ ಸಲಕ್ಕೆ ನಿಲ್ಲಿಸಿದ್ದೆ. ವರ್ಷಗಟ್ಟಲೆ ದಿನಾ ಕುಡಿದವನು ಹಾಗೆ ಮಾಡಬಾರದು ಅಂತ ಗೊತ್ತಿರಲಿಲ್ಲ. ಮದ್ಯ ಮಿದುಳನ್ನು ಮಂಕು ಮಾಡುತ್ತಾ ಹೋದಂತೆ, ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡು ಒಗ್ಗಿಬಿಟ್ಟಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ವೇಗಕ್ಕೆ ತಡೆಯೇ ಇರುವುದಿಲ್ಲ. ಮೊದಲ ದಿನವೇ ಕೈನಡುಕ, ಬೆವರು. ಕೆಲವರಿಗೆ 48 ಗಂಟೆಯೊಳಗೆ ಫಿಟ್ಸ್. ಇನ್ನು ಕೆಲವರಿಗೆ 2ರಿಂದ 4 ದಿನದೊಳಗೆ ಬುದ್ಧಿಯೇ ಕಲಸಿಹೋಗಿ ಜೀವಕ್ಕೆ ಕುತ್ತು ಬರುತ್ತದೆ. ಇದೆಲ್ಲ ಡಾಕ್ಟರು ಆಮೇಲೆ ಹೇಳಿದ್ದು.

ಹೆಂಡತಿ ಮಗಳನ್ನು ಕರೆದುಕೊಂಡು ಅವಳ ಅಮ್ಮನ ಮನೆಗೆ ಹೋಗಿಬಿಟ್ಟಿದ್ದಳು. ಅವಳದೇನೂ ತಪ್ಪಿಲ್ಲ. ಅಣ್ಣ ಊರಲ್ಲಿರಲಿಲ್ಲ. ಮೂರನೇ ರಾತ್ರಿ ಅತ್ತಿಗೆ ಒಬ್ಬರೇ ಬಂದರು. ನನ್ನ ಕೈ ನೋಡಿದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಲೋಟದಲ್ಲಿ ಅರ್ಧವೇ ನೀರು ತಂದು ಕೊಟ್ಟರು, ಚೆಲ್ಲಬಾರದು ಅಂತ. ಅದು ಮುಗಿದ ಮೇಲೆ ಇನ್ನೊಂದು ಅರ್ಧ. ಗೋಡೆ ತುಂಬ ಹುಳ ಹರಿಯುತ್ತಿದೆ ಅಂತ ನಾನು ಕಿರುಚಿದಾಗ, ಹುಳ ಎಲ್ಲಿದೆ ಅಂತ ವಾದಕ್ಕೆ ನಿಲ್ಲಲಿಲ್ಲ. "ನಾನು ಇಲ್ಲೇ ಇದ್ದೀನಿ ಕಣೋ, ಲೈಟ್ ಆರಿಸಲ್ಲ" ಅಂದರು. ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಅಕ್ಕಪಕ್ಕದವರು ನೋಡುತ್ತಾರೆ, ಬೇಡ ಅಂತ ಅಂಗಲಾಚಿದೆ. "ನೋಡಲಿ" ಅಂದರು.

ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಕುಡಿಯುತ್ತಿದ್ದೆ, ಯಾವತ್ತು ನಿಲ್ಲಿಸಿದೆ ಅಂತ ಕೇಳಿದರು. ಆ ಸ್ಥಿತಿಯಲ್ಲೂ ನಾನು ಕಡಿಮೆ ಮಾಡಿ ಹೇಳಿದೆ. ಅಷ್ಟು ಅಭ್ಯಾಸವಾಗಿತ್ತು ಸುಳ್ಳು. ಅತ್ತಿಗೆ ಡಾಕ್ಟರ ಮುಖ ನೋಡಿ, "ಅಲ್ಲ, ಅದರ ಮೂರರಷ್ಟು. ಬೆಳಿಗ್ಗೆ ಎದ್ದ ಕೂಡಲೇ ಶುರು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ. ನನಗೆ ಜ್ವರ, ನನಗೆ ಹೊಟ್ಟೆನೋವು ಅಂತ ನಮ್ಮ ಮನೆಯವರೆಲ್ಲ ಎಷ್ಟು ವರ್ಷ ನನ್ನ ಪರವಾಗಿ ಫೋನ್ ಮಾಡಿದ್ದರು! ಪ್ರೀತಿಯಿಂದಲೇ ಮಾಡಿದ್ದರು. ಆ ರಾತ್ರಿ ಮೊದಲ ಸಲ ಒಬ್ಬರು ನನ್ನ ಎದುರಿಗೇ ನಿಜ ಹೇಳಿದರು, ಹೇಳಿ ಎದ್ದು ಹೋಗಲಿಲ್ಲ. ಬೆಳಗಿನವರೆಗೂ ಆ ಮರದ ಸ್ಟೂಲಿನ ಮೇಲೆ ಕೂತಿದ್ದರು. ಅತ್ತಿಗೆ, ನೀವು ಅವತ್ತು ಲೆಕ್ಕ ಸರಿ ಮಾಡದೆ ಇದ್ದಿದ್ದರೆ ಡಾಕ್ಟರು ಔಷಧಿಯನ್ನು ಯಾವ ಲೆಕ್ಕದಲ್ಲಿ ಕೊಡುತ್ತಿದ್ದರು ಅಂತ ನೆನೆಸಿಕೊಂಡರೆ ಈಗಲೂ ಎದೆ ನಡುಗುತ್ತದೆ.

ಯಾಕೆ ಹೀಗಾಯಿತು ಅಂತ ಈ ವರ್ಷವಿಡೀ ಹುಡುಕಿದ್ದೇನೆ. ಅಪ್ಪನೂ ಕುಡಿಯುತ್ತಿದ್ದರು. ಈ ಚಟಕ್ಕೆ ಬೀಳುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಅನ್ನುತ್ತಾರೆ. ಆದರೆ ಅಣ್ಣನೂ ಅದೇ ಅಪ್ಪನ ಮಗ ಅಲ್ವಾ? ಅವನು ಮುಟ್ಟಲೂ ಇಲ್ಲ. ನಾನು ನಿದ್ದೆ ಬರಲಿ ಅಂತ ಶುರು ಮಾಡಿದೆ. ಕುಡಿದರೆ ಬೇಗ ಕಣ್ಣು ಮುಚ್ಚುವುದೇನೋ ನಿಜ. ನಡುರಾತ್ರಿ ಕಳೆದ ಮೇಲೆ ಅದೇ ನಿದ್ದೆ ಕೆಡಿಸುತ್ತದೆ. ಮಾರನೇ ದಿನ ಸುಸ್ತು, ಸಂಜೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಗ್ಲಾಸಿನ ಕೆಲಸಕ್ಕೆ ಎರಡು ಬೇಕಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಮನೆಗೆ ವಾಪಸ್ ಬಂದ ಮೇಲೆ ಮಗಳು ಒಂದು ಮಾತು ಹೇಳಿದಳು. ನಾನು ಗೇಟ್ ತೆಗೆಯುವ ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತಂತೆ. ಚಿಲಕ ಒಂದೇ ಸಲಕ್ಕೆ ಸರಿದರೆ ಓದುತ್ತಾ ಕೂತಿರುತ್ತಿದ್ದಳು. ತಡಕಾಡಿದ ಸದ್ದಾದರೆ ಪುಸ್ತಕ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿಬಿಡುತ್ತಿದ್ದಳು. ಆಗ ಅವಳಿಗೆ ಎಂಟು ವರ್ಷ. ಇದನ್ನು ಬರೆಯುವಾಗ ಎರಡು ಸಲ ಎದ್ದು ಹೋಗಿ ಬಂದೆ.

ಈಗಲೂ ಗೇಟಿನ ಸದ್ದಾದರೆ ಅವಳು ಒಂದು ಕ್ಷಣ ಓದು ನಿಲ್ಲಿಸಿ ಕೇಳುತ್ತಾಳೆ. ಅದು ಹೋಗಲು ಇನ್ನೂ ಎಷ್ಟು ದಿನ ಬೇಕೋ, ಅಷ್ಟು ದಿನವೂ ನಾನು ಚಿಲಕವನ್ನು ನೆಟ್ಟಗೆ ಸರಿಸಬೇಕು. ಕಾದು ನೋಡಿ ಮರಳಿ ಬಂದ ನನ್ನ ಹೆಂಡತಿಗೆ ಇಲ್ಲಿ ಧನ್ಯವಾದ ಹೇಳಿದರೆ ಸಾಲದು. ಅದನ್ನು ಮನೆಯಲ್ಲೇ ಹೇಳುತ್ತೇನೆ, ದಿನಾ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರು ಹೆಸರು ಹೊರಗೆ ಹೇಳದೆ ಸೇರುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್. ಅದಕ್ಕೇ ಆ ಸಭೆಯ ಗೆಳೆಯರ ಹೆಸರು ಬರೆಯುವಂತಿಲ್ಲ. 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದ ಇಬ್ಬರು, ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಸರ್ಜನ್, ಕೂತು ಮಾತಾಡಿದ್ದರಿಂದ ಇದೆಲ್ಲ ಶುರುವಾಯಿತಂತೆ. ನಾವೂ ಅದನ್ನೇ ಮಾಡುತ್ತೇವೆ. ಸುಮ್ನೆ ಕೂತು ಒಬ್ಬರದು ಇನ್ನೊಬ್ಬರು ಕೇಳುತ್ತೇವೆ.

ಇದನ್ನು ಓದುತ್ತಿರುವ ಯಾರಾದರೂ ಇವತ್ತೇ ಬಿಡಬೇಕು ಅಂದುಕೊಂಡಿದ್ದರೆ, ದಯವಿಟ್ಟು ನನ್ನ ಹಾಗೆ ಒಬ್ಬರೇ ಬಾಗಿಲು ಹಾಕಿಕೊಂಡು ಬಿಡಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ಸರಿಯಾದ ಲೆಕ್ಕ ಹೇಳಿ. ಜೊತೆಗೆ ಬರುವವರು ಯಾರೂ ಇಲ್ಲದಿದ್ದರೆ ನನಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ.